ನಿಮಗಿದು ಗೊತ್ತೇ? ಕಾರ್ಟೂನ್ ಕಥೆಗಳ ಗಟ್ಟಿ–ಜೊಳ್ಳು

● ‘ಟಾಯ್ ಸ್ಟೋರಿ’ಯ ವುಡಿ ಆರಂಭದ ಒಂದು ಕರಡಿನಲ್ಲಿ ಶುದ್ಧ ಕೇಡಿಗ. ಹೊಸ ಗೊಂಬೆ ಬಜ್‌ನನ್ನು ಬೇಕೆಂದೇ ಕಿಟಕಿಯಾಚೆ ಎಸೆಯುತ್ತಿದ್ದ, ಜೊತೆಯ ಗೊಂಬೆಗಳ ಮೇಲೆ ದರ್ಪ ತೋರುತ್ತಿದ್ದ. 1993ರ ನವೆಂಬರ್‌ನಲ್ಲಿ ಅದನ್ನು ನೋಡಿದ ಡಿಸ್ನಿಯವರು ಕೆಲಸವನ್ನೇ ನಿಲ್ಲಿಸಿಬಿಟ್ಟರು. ಪಿಕ್ಸಾರ್ ತಂಡ ಕೂತು ಕಥೆ ತಿದ್ದಿತು. ಈಗ ವುಡಿಗಿರುವುದು ಬಜ್‌ನನ್ನು ಮೇಜಿನ ಹಿಂದೆ ಬೀಳಿಸುವ ಆಸೆ ಮಾತ್ರ. ಲೆಕ್ಕ ತಪ್ಪಿ ಬಜ್ ಕಿಟಕಿಯಿಂದ ಉರುಳುತ್ತಾನೆ. ಹೊಟ್ಟೆಕಿಚ್ಚು ಉಳಿಯಿತು, ಕ್ರೌರ್ಯ ಹೋಯಿತು. 1995ರಲ್ಲಿ ತೆರೆಕಂಡ ಇದು ಇಡಿಯಾಗಿ ಕಂಪ್ಯೂಟರ್‌ನಲ್ಲೇ ತಯಾರಾದ ಮೊದಲ ಪೂರ್ಣಾವಧಿ ಚಿತ್ರ. ಎಲ್ಲರೂ ಹೊಗಳುವುದು ಆ ತಂತ್ರವನ್ನು. ಚಿತ್ರವನ್ನು ಇಂದಿಗೂ ಕಾಯುತ್ತಿರುವುದು ಮಾತ್ರ ಆ ತಿದ್ದುಪಡಿ.

● ‘ಫೈಂಡಿಂಗ್ ನೀಮೋ’ದಲ್ಲಿ ತಾಯಿ ಮೀನು ಸಾಯುವ ಪ್ರಸಂಗ ಮೊದಲು ಚಿತ್ರದುದ್ದಕ್ಕೂ ಫ್ಲ್ಯಾಶ್‌ಬ್ಯಾಕ್ ಆಗಿ ಚೂರುಚೂರಾಗಿ ಬರುತ್ತಿತ್ತು. ಹಾಗಾದಾಗ ಅಪ್ಪ ಮಾರ್ಲಿನ್ ಬರೀ ಕಿರಿಕಿರಿ ಮಾಡುವ ಅಂಜುಬುರುಕನಾಗಿ ಕಂಡ. ನಿರ್ದೇಶಕ ಆಂಡ್ರ್ಯೂ ಸ್ಟ್ಯಾಂಟನ್ ಆ ಸಾವನ್ನು ಆರಂಭಕ್ಕೇ ತಂದರು. ನೂರಾರು ಮೊಟ್ಟೆಗಳಲ್ಲಿ ಉಳಿದದ್ದು ಒಂದೇ ಎಂದು ಕಣ್ಣಾರೆ ಕಂಡ ಮೇಲೆ ಆ ಅಪ್ಪನ ಅತಿ ಕಾಳಜಿಯ ಮೇಲೆ ಯಾರಿಗೆ ಸಿಟ್ಟು ಬಂದೀತು? ಅಂದಹಾಗೆ, ನಿಜವಾದ ಕ್ಲೌನ್ ಮೀನುಗಳಲ್ಲಿ ಹೆಣ್ಣು ಸತ್ತರೆ ಅದರ ಜೋಡಿ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ!

● 1942ರ ‘ಬ್ಯಾಂಬಿ’ಯಲ್ಲಿ ತಾಯಿಯ ಸಾವು ಕಾಣುವುದಿಲ್ಲ, ಗುಂಡಿನ ಸದ್ದಷ್ಟೇ ಕೇಳುತ್ತದೆ. 1994ರ ‘ದಿ ಲಯನ್ ಕಿಂಗ್’ ಇನ್ನೂ ಧೈರ್ಯ ಮಾಡಿತು: ಮರಿ ಸಿಂಬ ಸತ್ತ ಅಪ್ಪನ ಮುಂಗಾಲಿನಡಿ ತೂರಿ ಮಲಗುತ್ತಾನೆ. ಇಷ್ಟು ಆಳಕ್ಕಿಳಿದ ಕಥೆ, ಸಿಂಬನ ಬೆಳೆಯುವ ವರ್ಷಗಳನ್ನು ಒಂದೇ ಹಾಡಿನಲ್ಲಿ ದಾಟಿಸಿಬಿಡುತ್ತದೆ. ಅಪ್ಪನ ಸಾವಿಗೆ ತಾನೇ ಕಾರಣವೆಂಬ ಅಪರಾಧಿ ಭಾವ ಅವನನ್ನು ಒಳಗೊಳಗೇ ಹೇಗೆ ತಿಂದಿತು ಎಂಬುದನ್ನು ನಾವು ನೋಡುವುದೇ ಇಲ್ಲ.

● ‘ಅಪ್’ (2009) ಚಿತ್ರದ ಆ ನಾಲ್ಕು ನಿಮಿಷ ನೆನಪಿದೆಯೇ? ಮಾತಿಲ್ಲ, ಸಂಗೀತ ಮಾತ್ರ. ಪ್ರವಾಸಕ್ಕೆಂದು ಕಾರ್ಲ್ ಮತ್ತು ಎಲ್ಲಿ ಗಾಜಿನ ಭರಣಿಯಲ್ಲಿ ಚಿಲ್ಲರೆ ಕೂಡಿಡುತ್ತಾರೆ. ಕಾರಿನ ಟೈರ್ ಹೋಯಿತು, ಭರಣಿ ಒಡೆಯಿತು. ಕಾಲು ಮುರಿಯಿತು, ಮತ್ತೆ ಒಡೆಯಿತು. ಮನೆ ಮೇಲೆ ಮರ ಬಿತ್ತು, ಮತ್ತೆ. ಇದೆಲ್ಲಕ್ಕೂ ಮೊದಲು ಮಗುವಿಗೆಂದು ಬಣ್ಣ ಬಳಿದ ಕೋಣೆ. ಮರುಕ್ಷಣ ಆಸ್ಪತ್ರೆಯಲ್ಲಿ ತಲೆ ತಗ್ಗಿಸಿ ಕೂತ ಎಲ್ಲಿ. ಒಂದು ದಾಂಪತ್ಯವನ್ನು ಇಷ್ಟು ಕಡಿಮೆಯಲ್ಲಿ ಇಷ್ಟು ಪೂರ್ತಿಯಾಗಿ ಹೇಳಿದ ಚಿತ್ರ ನನಗೆ ಬೇರೆ ಸಿಕ್ಕಿಲ್ಲ.

ಅದೇ ಚಿತ್ರದ ಖಳ ಮಂಟ್ಸ್ ವಿಷಯಕ್ಕೆ ಬನ್ನಿ. ಕಾರ್ಲ್ ಹುಡುಗನಾಗಿದ್ದಾಗಲೇ ಅವನು ಹೆಸರಾಂತ ಸಾಹಸಿ. ಕಾರ್ಲ್‌ಗೆ 78 ಆದಾಗ ಅವನಿಗೆಷ್ಟಾಗಿರಬೇಕು? ಆದರೂ ಕತ್ತಿ ಹಿರಿದು ಕಾದಾಡುತ್ತಾನೆ. ಶೋಕದ ಕಥೆಗೆ ಹೊಡೆದಾಟ ಬೇಕೇಬೇಕೆಂದು ಯಾರೋ ಹಟ ಹಿಡಿದಂತಿದೆ.

● ‘ವಾಲ್-ಇ’ಗೂ (2008) ಅದೇ ಗತಿ. ಕಸ ತುಂಬಿದ ಭೂಮಿಯ ಮೇಲೆ ಮೂಕಚಿತ್ರದಂತೆ ಸಾಗುವ ಮೊದಲ ಭಾಗ ಅಪ್ಪಟ ಚಿನ್ನ. ಕಥೆ ಬಾಹ್ಯಾಕಾಶದ ಹಡಗು ಹತ್ತಿದ ಮೇಲೆ ಬರೀ ಓಡಾಟ.

● ‘ಫ್ರೋಜನ್’ನ (2013) ಎಲ್ಸಾ ಮೊದಲು ಖಳನಾಯಕಿಯೇ. ‘ಲೆಟ್ ಇಟ್ ಗೋ’ ಹಾಡು ಹುಟ್ಟಿತು. ಅದನ್ನು ಕೇಳಿದ ಮೇಲೆ ಅವಳನ್ನು ದುಷ್ಟೆ ಎನ್ನಲು ತಂಡಕ್ಕೆ ಮನಸ್ಸಾಗಲಿಲ್ಲ, ಕಥೆಯನ್ನೇ ತಿದ್ದಿದರು. ಕೇಡಿನ ಪಾತ್ರ ಕೊನೆಗೆ ರಾಜಕುಮಾರ ಹ್ಯಾನ್ಸ್‌ನ ಪಾಲಾಯಿತು. ತೊಡಕಿರುವುದು ಇಲ್ಲೇ. ಮೊದಲ ಭೇಟಿಯಲ್ಲಿ ನೀರಿಗೆ ಬಿದ್ದ ಹ್ಯಾನ್ಸ್, ಎಲ್ಸಾಳ ತಂಗಿ ಆನಾ ಓಡಿಹೋದ ದಿಕ್ಕನ್ನೇ ನೋಡುತ್ತಾ ಅಕ್ಕರೆಯಿಂದ ಮುಗುಳ್ನಗುತ್ತಾನೆ. ಅವನನ್ನು ಯಾರೂ ಗಮನಿಸುತ್ತಿಲ್ಲ. ಹಾಗಾದರೆ ಆ ನಟನೆ ಯಾರಿಗಾಗಿ? ನಮಗಾಗಿ. ಪಾತ್ರ ಪ್ರೇಕ್ಷಕರಿಗೆ ಸುಳ್ಳು ಹೇಳಿದರೆ ಅದು ತಿರುವಲ್ಲ, ಮೋಸ.

● ‘ಇನ್‌ಸೈಡ್ ಔಟ್’ನಲ್ಲಿ (2015) ಹುಡುಗಿಯೊಬ್ಬಳ ತಲೆಯೊಳಗಿನ ಭಾವನೆಗಳೇ ಪಾತ್ರಗಳು. ಅಲ್ಲಿ ಖುಷಿಯ ಜೊತೆ ಪಯಣ ಹೊರಡಬೇಕಿದ್ದದ್ದು ದುಃಖವಲ್ಲ, ಭಯ! ಆ ಜೋಡಿಯಲ್ಲಿ ಕಥೆ ಮುಂದೆ ಸಾಗದಾಗ ನಿರ್ದೇಶಕ ಪೀಟ್ ಡಾಕ್ಟರ್ ಭಯವನ್ನು ತೆಗೆದು ದುಃಖವನ್ನು ತಂದರು. ಅಳು ಕೂಡ ಮನುಷ್ಯರನ್ನು ಹತ್ತಿರ ತರುತ್ತದೆಂಬ ಚಿತ್ರದ ತಿರುಳು ಸಿಕ್ಕಿದ್ದೇ ಆಗ. ಇಲ್ಲಿ ಖಳನೇ ಇಲ್ಲ.

● ಖಳನ ಹಂಗಿಲ್ಲದ ಇನ್ನೊಂದು ಚಿತ್ರ ಜಪಾನಿನ ನಿರ್ದೇಶಕ ಮಿಯಾಜಾಕಿಯವರ ‘ಮೈ ನೇಬರ್ ಟೊಟೊರೊ’. ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಪುಟ್ಟ ಮೇ ಅವಳಿಗೆಂದು ಜೋಳದ ತೆನೆ ಹಿಡಿದು ಒಬ್ಬಳೇ ಹೊರಟು ದಾರಿ ತಪ್ಪುತ್ತಾಳೆ. ಕೆರೆಯಲ್ಲಿ ಒಂದು ಪುಟ್ಟ ಚಪ್ಪಲಿ ಸಿಕ್ಕಾಗ ಎದೆ ಝಲ್ಲೆನ್ನುತ್ತದೆ. ಯಾವ ರಾಕ್ಷಸನೂ ಅಷ್ಟು ಹೆದರಿಸಲಾರ. 1988ರ ಏಪ್ರಿಲ್‌ನಲ್ಲಿ ಇದು ಜಪಾನಿನಲ್ಲಿ ಬಿಡುಗಡೆಯಾದದ್ದು ತಕಹಾತಾ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಜೊತೆ, ಒಂದೇ ಟಿಕೆಟ್ಟಿಗೆ ಎರಡು ಚಿತ್ರ. ಒಂದು ಟೊಟೊರೊ, ಇನ್ನೊಂದು ಯುದ್ಧದಲ್ಲಿ ಹಸಿದು ಸಾಯುವ ಅಣ್ಣ–ತಂಗಿಯ ಕಥೆ!

● ಖಳ ಕಥೆಯ ಕರುಳೇ ಆಗಿರುವುದೂ ಉಂಟು. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ ನರಸಿಂಹ’ (2025) ಕನ್ನಡದಲ್ಲೂ ಬಂತು. ಅಲ್ಲಿ ಕೇಡು ಹೊರಗಿನಿಂದ ಬರುವುದಿಲ್ಲ, ಹೆತ್ತ ಅಪ್ಪನೇ ಹಿರಣ್ಯಕಶಿಪು. ಕೊನೆಯ ಉಗ್ರ ನರಸಿಂಹನ ಭಾಗ ಮೈನವಿರೇಳಿಸುತ್ತದೆ. ವರಾಹಾವತಾರದ ಭಾಗ ಗಡಿಬಿಡಿಯಲ್ಲಿ ಮುಗಿದಂತಿದೆ. ಇದೇ ಕಥೆಯ 1983ರ ಕನ್ನಡ ಚಿತ್ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು ರಾಜ್‌ಕುಮಾರ್, ಪ್ರಹ್ಲಾದ ಅವರ ಮಗ ಪುನೀತ್. ಅದನ್ನು ನೋಡಿ ಬೆಳೆದವರಿಗೆ, ಹೊಸ ಚಿತ್ರ ಮಗನನ್ನು ದಂಡಿಸುವ ಅಪ್ಪನಿಗಿಂತ ಮಗನನ್ನು ಮುದ್ದಿಸುವ ಅಪ್ಪನನ್ನು ಇನ್ನೂ ಸ್ವಲ್ಪ ಹೊತ್ತು ತೋರಿಸಬೇಕಿತ್ತು ಎನಿಸದೆ ಇರದು.