ಇಪ್ಪತ್ತೆಂಟು ದಿನಗಳ ತಿಂಗಳು

ಚಾಂದ್ರಮಾನ, ಸೌರಮಾನವೆಂಬ ಎರಡು ಬಗೆಯ ಕಾಲಗಣನೆಗಳನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಈಗ ಮೂರನೆಯದೊಂದು ಬಂದು ಸೇರಿದೆ. ಅದನ್ನು ಮೊಬೈಲ್‌ಮಾನ ಎನ್ನಬಹುದು. ಈ ಗಣನೆಯಂತೆ ಪ್ರತಿಯೊಂದು ತಿಂಗಳಿಗೂ ಇಪ್ಪತ್ತೆಂಟೇ ದಿನ. ವರ್ಷಕ್ಕೆ ಹದಿಮೂರು ತಿಂಗಳು. ಪಂಚಾಂಗದ ಅಧಿಕಮಾಸವಾದರೂ ಸುಮಾರು ಮೂರು ವರ್ಷಕ್ಕೊಮ್ಮೆ ಬರುವಂಥದು. ಇಲ್ಲಿ ಅದು ವರ್ಷ ವರ್ಷವೂ ತಪ್ಪದೆ ಬರುತ್ತದೆ, ಮತ್ತು ದಾನವನ್ನು ಕಂಪನಿಗೇ ಕೊಡಬೇಕಾಗುತ್ತದೆ!

ಸಂಬಳ ಬರುವುದು ವರ್ಷಕ್ಕೆ ಹನ್ನೆರಡು ಸಲ. ರೀಚಾರ್ಜು ಮಾಡಿಸುವುದು ಹದಿಮೂರು ಸಲ. ಈ ಒಂದು ಸಲದ ಅಂತರ ಗೃಹಸ್ಥನ ಗಮನಕ್ಕೆ ಬರುವುದೇ ಅಪರೂಪ. 199 ರೂಪಾಯಿಯ ಯೋಜನೆಯನ್ನೇ ನೋಡೋಣ. 2024ರ ಜುಲೈ ತಿಂಗಳಲ್ಲಿ ಕಂಪನಿಗಳು ದರ ಏರಿಸಿದಾಗ ಏರ್‌ಟೆಲ್ಲಿನ 179 ರೂಪಾಯಿಯ ಯೋಜನೆ 199 ಆಯಿತು. ಅವಧಿ ಇಪ್ಪತ್ತೆಂಟು ದಿನ. ತಿಂಗಳಿಗೆ 199 ಎಂದು ಮನಸ್ಸಿನಲ್ಲಿಯೇ ಗುಣಿಸಿದವನು ವರ್ಷಕ್ಕೆ 2,388 ರೂಪಾಯಿ ಎಂದುಕೊಳ್ಳುತ್ತಾನೆ. ಕೈಯಿಂದ ಹೋಗುವುದು 2,587 ರೂಪಾಯಿ. ಮನೆಯಲ್ಲಿ ನಾಲ್ಕು ಫೋನುಗಳಿದ್ದರೆ ಲೆಕ್ಕ ತಪ್ಪುವುದು ಸುಮಾರು ಎಂಟುನೂರು ರೂಪಾಯಿಗಳಷ್ಟು.

ಈ ಕುರಿತು ದೂರುಗಳು ಹೆಚ್ಚಿದ ಮೇಲೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. ಪ್ರತಿಯೊಂದು ಕಂಪನಿಯೂ ಮೂವತ್ತು ದಿನಗಳ ಯೋಜನೆಯನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಯೋಜನೆಯನ್ನೂ ಕನಿಷ್ಠ ಒಂದೊಂದಾದರೂ ಇಟ್ಟಿರತಕ್ಕದ್ದು ಎಂಬುದು ಅದರ ಸಾರ. ಯೋಜನೆಗಳು ಬಂದವು. ಆದರೆ ಅಂಗಡಿಯವನ ಬಾಯಲ್ಲಿ ಅವುಗಳ ಹೆಸರು ಬರುವುದು ಕಡಿಮೆ. ಕೇಳಿದವರಿಗೆ ಮಾತ್ರ ಸಿಗುತ್ತವೆ.

ಹದಿನಾರು ರೂಪಾಯಿಯ ಮಾತು

ಹಾಗೆ ನೋಡಿದರೆ ಮಾತಿನ ಬೆಲೆ ಇಳಿದಿಲ್ಲವೆಂದಲ್ಲ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದಿಲ್ಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ದೇಶದ ಮೊದಲ ಮೊಬೈಲ್ ಸಂಭಾಷಣೆ ನಡೆಸಿದ ಕಾಲಕ್ಕೆ, ನಿಮಿಷವೊಂದಕ್ಕೆ 16 ರೂಪಾಯಿಯವರೆಗೂ ದರವಿತ್ತು. ಕರೆ ಮಾಡಿದವನಷ್ಟೇ ಅಲ್ಲ, ಕರೆ ಸ್ವೀಕರಿಸಿದವನೂ ಹಣ ತೆರಬೇಕಾಗಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆಯ ಲೆಕ್ಕವನ್ನು ತಂದಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲಂತೂ ಮಾತಿಗೆ ಬೆಲೆಯೇ ಇಲ್ಲವೆಂಬಂತಾಯಿತು.

ಆದರೆ ಬೆಲೆ ಮಾತನ್ನು ಬಿಟ್ಟು ದಿನಗಳನ್ನು ಹಿಡಿದುಕೊಂಡಿತು. ಮೊದಲು ಆಡಿದಷ್ಟಕ್ಕೆ ದುಡ್ಡು. ಈಗ ಆಡಿದರೂ ಆಡದಿದ್ದರೂ ದುಡ್ಡು. ಹತ್ತು ರೂಪಾಯಿ ಹಾಕಿಸಿ ಆರು ತಿಂಗಳು ಬರಿಯ ‘ಮಿಸ್ಡ್ ಕಾಲ್’ನಲ್ಲಿಯೇ ಸಂಸಾರ ಸಾಗಿಸುತ್ತಿದ್ದ ಕಾಲ ಹೋಯಿತು. ಇಂದಿಗೂ ಹತ್ತು ರೂಪಾಯಿಯ ಟಾಪ್‌ಅಪ್ ಉಂಟು. ಅದರಲ್ಲಿ 1 ರೂಪಾಯಿ 53 ಪೈಸೆ ತೆರಿಗೆಗೆ, ಒಂದು ರೂಪಾಯಿ ಸಂಸ್ಕರಣ ಶುಲ್ಕಕ್ಕೆ ಹೋಗಿ, ಉಳಿಯುವುದು 7 ರೂಪಾಯಿ 47 ಪೈಸೆ. ಚಾಲ್ತಿಯಲ್ಲಿರುವ ಯೋಜನೆ ಇಲ್ಲದ ಸಿಮ್ಮಿಗೆ ಆ ಏಳೂವರೆ ರೂಪಾಯಿಯಿಂದ ಹೆಚ್ಚಿನ ಉಪಕಾರವಿಲ್ಲ.

ಊರಿನಲ್ಲಿರುವ ತಾಯಿಗೆ ಯಾವ ಯೋಜನೆ?

ಈ ಬದಲಾವಣೆಯ ಭಾರ ಹೆಚ್ಚಾಗಿ ಬಿದ್ದದ್ದು ಕಡಿಮೆ ಮಾತನಾಡುವವರ ಮೇಲೆ. ಬೆಂಗಳೂರಿನಲ್ಲಿ ಮಗ, ಸಾಗರದ ಕಡೆಯ ಹಳ್ಳಿಯೊಂದರಲ್ಲಿ ತಾಯಿ. ಇಂಥ ಮನೆಗಳು ನಾಡಿನಲ್ಲಿ ಸಾವಿರ ಸಾವಿರ. ತಾಯಿಯ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು. ಅವರಿಗೆ ಬೇಕಾದುದು ಸಂಜೆ ಮಗನ ಕರೆ, ನಡುನಡುವೆ ಮಗಳ ಕರೆ, ಅಪರೂಪಕ್ಕೊಮ್ಮೆ ಬ್ಯಾಂಕಿನ ಸಂದೇಶ. ವಿಡಿಯೋ ನೋಡುವವರಲ್ಲ, ನೋಡೋಣವೆಂದರೂ ಆ ಫೋನಿನಲ್ಲಿ ಕಾಣದು. ಆದರೂ ಬಹುಕಾಲ ಅವರು ತಮಗೆ ಬೇಡದ ಡಾಟಾಕ್ಕೂ ಸೇರಿಸಿಯೇ ಹಣ ತೆರಬೇಕಾಗಿತ್ತು. ಸಂಧ್ಯಾ ಸುರಕ್ಷಾ ಯೋಜನೆಯ ಪಿಂಚಣಿ ತಿಂಗಳಿಗೆ 1,200 ರೂಪಾಯಿ. 2,587 ರೂಪಾಯಿಯ ವಾರ್ಷಿಕ ರೀಚಾರ್ಜೆಂದರೆ ಅಂಥ ವೃದ್ಧೆಯ ಎರಡು ತಿಂಗಳ ಪಿಂಚಣಿಗೂ ಮಿಗಿಲು.

2024ರ ಡಿಸೆಂಬರಿನಲ್ಲಿ ಟ್ರಾಯ್ ಈ ವಿಷಯದಲ್ಲಿ ಕೈಹಾಕಿತು. ಮಾತು ಮತ್ತು ಸಂದೇಶಗಳಿಗಷ್ಟೇ ಮೀಸಲಾದ, ಡಾಟಾ ಇಲ್ಲದ ಯೋಜನೆಗಳನ್ನು ಕಂಪನಿಗಳು ಕೊಡಲೇಬೇಕೆಂದು ವಿಧಿಸಿ, ವಿಶೇಷ ವೋಚರುಗಳ ಅವಧಿಯ ಮಿತಿಯನ್ನು 90 ದಿನಗಳಿಂದ 365 ದಿನಗಳಿಗೆ ಏರಿಸಿತು. 2025ರ ಜನವರಿಯಲ್ಲಿ ಕಂಪನಿಗಳು ತಮ್ಮ ದರಗಳನ್ನು ಪ್ರಕಟಿಸಿದವು. ಅವನ್ನು ಪರಿಶೀಲಿಸುವುದಾಗಿ ಟ್ರಾಯ್ ಹೇಳಿದ್ದೇ ತಡ, ಕೆಲವೇ ದಿನಗಳಲ್ಲಿ ದರಗಳು ಮತ್ತಷ್ಟು ಇಳಿದವು! ಏರ್‌ಟೆಲ್ಲಿನ 499 ರೂಪಾಯಿಯ ಯೋಜನೆ 469ಕ್ಕೂ, ವಾರ್ಷಿಕ 1,959 ರೂಪಾಯಿಯದು 1,849ಕ್ಕೂ ಬಂದಿತು. ಜಿಯೋದ 458 ರೂಪಾಯಿಯದು 448 ಆಯಿತು. 1,958 ರೂಪಾಯಿಯದು 1,748 ಆಯಿತು.

ಈ ಕೊನೆಯ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು. 1,849ಕ್ಕಿಂತ 1,748 ಅಗ್ಗವೆಂದು ಎಂಥವನೂ ಹೇಳಿಯಾನು. ಆದರೆ 1,849 ರೂಪಾಯಿ 365 ದಿನಗಳಿಗೆ; 1,748 ರೂಪಾಯಿ 336 ದಿನಗಳಿಗೆ. 336 ಎಂದರೇನು? ಹನ್ನೆರಡು ಇಪ್ಪತ್ತೆಂಟಲಿ! ಮೊಬೈಲ್‌ಮಾನದ ತಿಂಗಳು ವಾರ್ಷಿಕ ಯೋಜನೆಯೊಳಕ್ಕೂ ನುಸುಳಿ ಕುಳಿತಿತ್ತು. ಹಣವನ್ನು ದಿನಗಳಿಂದ ಭಾಗಿಸಿದರೆ ಮೊದಲನೆಯದಕ್ಕೆ ದಿನಕ್ಕೆ 5 ರೂಪಾಯಿ 7 ಪೈಸೆ, ಎರಡನೆಯದಕ್ಕೆ 5 ರೂಪಾಯಿ 20 ಪೈಸೆ. ಅಗ್ಗವೆಂದು ತೋರಿದ್ದೇ ಒಂದು ಕೂದಲೆಳೆಯಷ್ಟು ದುಬಾರಿ. 84 ದಿನಗಳ 448 ಮತ್ತು 469 ರೂಪಾಯಿಗಳ ಯೋಜನೆಗಳಲ್ಲಿ ದಿನಕ್ಕೆ ಕ್ರಮವಾಗಿ 5 ರೂಪಾಯಿ 33 ಪೈಸೆ ಮತ್ತು 5 ರೂಪಾಯಿ 58 ಪೈಸೆ. ಮೊದಲು ಹೇಳಿದ 199ರಲ್ಲಿ 7 ರೂಪಾಯಿ 11 ಪೈಸೆ. ಈ ದರಗಳು ಆಗಾಗ ಬದಲಾಗುವಂಥವು. ಅಂಗಡಿಗೆ ಹೋದ ದಿನ ಯಾವ ದರವಿದ್ದರೂ, ಹಣವನ್ನು ದಿನಗಳಿಂದ ಭಾಗಿಸಿ ನೋಡಿಯೇ ಜೇಬಿಗೆ ಕೈಹಾಕಬೇಕು.

ಹಾಗೆಂದು ಎಲ್ಲ ವೃದ್ಧರಿಗೂ ಇದೇ ಯೋಜನೆಯೆಂದು ನಿಶ್ಚಯಿಸಲಾಗದು. ದೂರದ ಮೊಮ್ಮಗುವಿನ ಮುಖವನ್ನು ವಾಟ್ಸಾಪಿನಲ್ಲಿ ನೋಡಬಯಸುವ ಅಜ್ಜಿಗೆ ಡಾಟಾ ಇಲ್ಲದ ಯೋಜನೆ ಕೊಡಿಸಿ 738 ರೂಪಾಯಿ ಉಳಿಸಿದೆನೆಂದು ಹಿಗ್ಗುವ ಮಗನಿಗೆ ಏನೆನ್ನಬೇಕು? ಮೊದಲು ಆಕೆಯನ್ನು ಕೇಳಬೇಕಷ್ಟೆ. ಮನೆಯಲ್ಲಿ ವೈಫೈ ಇದ್ದರೆ ಈ ತೊಡಕೂ ಇಲ್ಲ.

ಮಧ್ಯರಾತ್ರಿಯ ನಷ್ಟ

ಡಾಟಾ ಬೇಕಾದವರ ಪಾಡು ಬೇರೆ. ದಿನಕ್ಕೆ ಒಂದೂವರೆ ಜಿಬಿ ಎಂದರೆ ದಿನಕ್ಕೆ ಒಂದೂವರೆ ಜಿಬಿಯೇ. ಸಾಮಾನ್ಯವಾಗಿ ಇಂದು ಉಳಿದದ್ದು ನಾಳೆಗಿಲ್ಲ, ಮಧ್ಯರಾತ್ರಿಗೆ ಮುಗಿಯಿತು. ಆದುದರಿಂದ ಬಳಕೆ ಎಷ್ಟೆಂಬುದನ್ನು ಫೋನಿನ ಸೆಟ್ಟಿಂಗ್ಸಿನಲ್ಲಿ ಒಂದು ತಿಂಗಳು ನೋಡಿಕೊಂಡು, ಅನಂತರ ಯೋಜನೆಯನ್ನು ಆರಿಸುವುದೇ ಲೇಸು. ದಿನವಿಡೀ ಕಚೇರಿಯ ವೈಫೈ, ರಾತ್ರಿ ಮನೆಯ ವೈಫೈ ಬಳಸುವವನು ದಿನಕ್ಕೆ ಎರಡು ಜಿಬಿಯ ಯೋಜನೆ ಹಾಕಿಸಿಕೊಳ್ಳುವುದು, ನಿತ್ಯವೂ ಮದುವೆಯ ಊಟ ಮುಗಿಸಿ ಬಂದವನು ಮನೆಯಲ್ಲಿ ಇನ್ನೊಮ್ಮೆ ಅಡಿಗೆ ಮಾಡಿಸಿದಂತೆ. ಪೋಸ್ಟ್‌ಪೇಯ್ಡ್ ಬಯಸುವವರಿಗೆ ಒಂದೇ ಮಾತು: ಅಲ್ಲಿ ಕಾಣಿಸುವ ದರಕ್ಕೆ ಶೇಕಡಾ 18 ತೆರಿಗೆ ಪ್ರತ್ಯೇಕ. 449 ಎಂದು ಬರೆದದ್ದಕ್ಕೆ ಬಿಲ್ಲು ಬರುವುದು 529 ರೂಪಾಯಿ 82 ಪೈಸೆಗೆ.

ಎಷ್ಟೇ ಅಗ್ಗದ ಯೋಜನೆಯಾಗಲಿ, ಸಿಗ್ನಲ್ ಇಲ್ಲದ ಊರಿನಲ್ಲಿ ಅದು ದುಬಾರಿಯೇ. ಮಲೆನಾಡಿನ ಕಣಿವೆಗಳಲ್ಲಿ ಈ ಗುಡ್ಡಕ್ಕೆ ಒಂದು ಕಂಪನಿ, ಆ ಗುಡ್ಡಕ್ಕೆ ಇನ್ನೊಂದು. 2020ರ ಲಾಕ್‌ಡೌನಿನಲ್ಲಿ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ ಕುಳಿತದ್ದನ್ನು ನಾಡೇ ಕಂಡಿದೆ. ಬಿ.ಎಸ್.ಎನ್.ಎಲ್. ಸಂಸ್ಥೆ 2024ರ ಜುಲೈಯಲ್ಲಿ ದರ ಏರಿಸಲಿಲ್ಲವೆಂದು ಅನೇಕರು ಅತ್ತ ಸರಿದರು. ಅದರ ಸ್ವದೇಶಿ 4ಜಿ ಜಾಲ ಉದ್ಘಾಟನೆಯಾದದ್ದು ಮಾತ್ರ 2025ರ ಸೆಪ್ಟೆಂಬರ್ 27ರಂದು. ಕಂಪನಿಗಳು ತಮ್ಮ ಜಾಲವಿರುವ ಪ್ರದೇಶದ ನಕ್ಷೆಯನ್ನು ಪ್ರಕಟಿಸಬೇಕೆಂಬ ನಿಯಮವೇನೋ ಈಗ ಇದೆ. ಆದರೆ ಪಕ್ಕದ ಮನೆಯವರ ಫೋನನ್ನು ಹಿಡಿದು ನಮ್ಮ ಅಡಿಗೆಮನೆಯಲ್ಲಿ ಹತ್ತು ನಿಮಿಷ ನಿಂತು ನೋಡುವುದಕ್ಕೆ ಸಮನಾದ ನಕ್ಷೆ ಇಲ್ಲ. ಹಳೆಯ 2ಜಿ ಫೋನಿಗೆ ಜಿಯೋ ಸಿಮ್ಮು ಹೊಂದುವುದಿಲ್ಲವೆಂಬುದನ್ನೂ ನೆನಪಿಡಬೇಕು. ಆ ಕಂಪನಿಗೆ 2ಜಿ ಜಾಲವೇ ಇಲ್ಲ.

ನಂಬರು ಕಳೆದುಕೊಂಡರೆ

ಉಳಿತಾಯದ ಹುಮ್ಮಸ್ಸಿನಲ್ಲಿ ರೀಚಾರ್ಜನ್ನೇ ನಿಲ್ಲಿಸುವವರುಂಟು. ಅದು ಅಪಾಯ. 90 ದಿನ ಯಾವ ಬಳಕೆಯೂ ಇಲ್ಲದ, 20 ರೂಪಾಯಿಗಿಂತ ಕಡಿಮೆ ಶಿಲ್ಕಿರುವ ಪ್ರೀಪೇಯ್ಡ್ ಸಂಪರ್ಕವನ್ನು ಕಂಪನಿ ಕಡಿದುಹಾಕಬಹುದು. ಇಪ್ಪತ್ತು ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಇನ್ನು ಮೂವತ್ತು ದಿನ ನಂಬರನ್ನು ಉಳಿಸತಕ್ಕದ್ದೆಂದು ನಿಯಮ. ಕಡಿದುಹೋದ ನಂಬರು ಕೆಲವು ತಿಂಗಳ ಬಳಿಕ ಬೇರೊಬ್ಬರ ಪಾಲಾಗಬಹುದು. ಬ್ಯಾಂಕಿನ ಖಾತೆ, ಆಧಾರ್, ಪಡಿತರ ಎಲ್ಲವೂ ಅದೇ ನಂಬರಿಗೆ ಗಂಟುಬಿದ್ದಿರುವಾಗ, ಓಟಿಪಿ ಯಾರ ಕೈಗೆ ಹೋದೀತು?

ನಂಬರನ್ನು ಉಳಿಸಿಕೊಂಡೇ ಕಂಪನಿ ಬಿಡುವ ದಾರಿಯೂ ಇದೆ. 2011ರ ಜನವರಿ 20ರಿಂದ ಈ ಸೌಲಭ್ಯ ದೇಶವ್ಯಾಪಿಯಾಗಿದೆ. ‘ಪೋರ್ಟ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಒಂದು ತೆರಪು ಬಿಟ್ಟು, ತಮ್ಮ ಹತ್ತಂಕಿಯ ನಂಬರನ್ನು ಸೇರಿಸಿ 1900ಕ್ಕೆ ಕಳುಹಿಸಿದರೆ ಎಂಟು ಅಕ್ಷರ–ಅಂಕಿಗಳ ಒಂದು ಸಂಕೇತ ಬರುತ್ತದೆ. ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಿನಗಳ ಆಯುಸ್ಸು. ಅದನ್ನೂ ಗುರುತಿನ ಚೀಟಿಯನ್ನೂ ಹೊಸ ಕಂಪನಿಯ ಅಂಗಡಿಯಲ್ಲಿ ಕೊಟ್ಟರೆ, ರಾಜ್ಯದೊಳಗೆ ಮೂರು ಕೆಲಸದ ದಿನಗಳಲ್ಲಿ ಬದಲಾವಣೆಯಾಗಬೇಕು. ಒಂದು ಕಂಪನಿಯಲ್ಲಿ 90 ದಿನ ತುಂಬಿರಬೇಕು; ಬಾಕಿ ಇರಕೂಡದು. ಕೆಲವು ಕಂಪನಿಗಳು ಕಡಿಮೆ ಬೆಲೆಯ ಯೋಜನೆಗಳಲ್ಲಿ ಸಂದೇಶ ಕಳುಹಿಸುವ ಸೌಕರ್ಯವನ್ನೇ ಇಡದೆ, ಬಡ ಗ್ರಾಹಕ ಹೊರಹೋಗುವ ಬಾಗಿಲಿಗೆ ಅಗಳಿ ಹಾಕಿದಂತೆ ಮಾಡಿದ್ದವು. ಎಷ್ಟೇ ಅಗ್ಗದ ರೀಚಾರ್ಜಿರಲಿ, 1900ಕ್ಕೆ ಸಂದೇಶ ಹೋಗಲೇಬೇಕೆಂದು 2021ರ ಡಿಸೆಂಬರಿನಲ್ಲಿ ಟ್ರಾಯ್ ಆಜ್ಞಾಪಿಸಿತು. ಹಳೆಯ ಯೋಜನೆಯಲ್ಲಿ ಉಳಿದ ಹಣವಾಗಲಿ ದಿನಗಳಾಗಲಿ ಹೊಸ ಕಂಪನಿಗೆ ಬಾರವು. ಆದುದರಿಂದ ವಾರ್ಷಿಕ ಯೋಜನೆ ಹಾಕಿಸಿದ ಮರುತಿಂಗಳೇ ಹೊರಡುವ ಬದಲು, ಅವಧಿ ಮುಗಿಯಲು ಒಂದು ವಾರವಿರುವಾಗ ಹೊರಡುವುದು ಒಳಿತು.