ಕಾಣದ ಕಿರಣ, ಕಡಮೆ ಅಳತೆ

ಮನುಷ್ಯನ ಮೈ, ಗೋಡೆ, ಮರ, ಮಣ್ಣು, ಇವೆಲ್ಲ ತಮ್ಮ ತಮ್ಮ ಶಾಖಕ್ಕೆ ತಕ್ಕಂತೆ ಕಿರಣಗಳನ್ನು ಬೀರುತ್ತಲೇ ಇರುತ್ತವೆ. ಇವುಗಳ ಪೈಕಿ ಒಂದರಿಂದ ಹತ್ತು ಮಿಲಿಮೀಟರು ಅಲೆಯುದ್ದವುಳ್ಳವು ಮಂಜು, ಹೊಗೆ, ಉಟ್ಟ ಬಟ್ಟೆಗಳನ್ನು ಬಹುಮಟ್ಟಿಗೆ ದಾಟಿ ಬರುತ್ತವೆ. ಲೋಹವಾದರೋ ಸುತ್ತಲಿನದನ್ನೇ ಪ್ರತಿಫಲಿಸುತ್ತದೆ. ಆದ್ದರಿಂದ ಬಯಲಲ್ಲಿ ನಿಂತವನ ಅಂಗಿಯೊಳಗಿನ ಚೂರಿಯು ತಣ್ಣನೆಯ ಆಕಾಶವನ್ನು ಪ್ರತಿಫಲಿಸಿ, ಬೆಚ್ಚನೆಯ ಮೈಮೇಲೆ ಕಪ್ಪು ಗುರುತಾಗಿ ಕಾಣಬಹುದು. ಎಕ್ಸ್‌-ಕಿರಣದಂತೆ ಮೈಮೇಲೆ ಏನನ್ನೂ ಬಿಡಬೇಕಾಗಿಲ್ಲ. ತಾನಾಗಿ ಬಂದದ್ದನ್ನು ಹಿಡಿದರಾಯಿತು.

ಹಿಡಿಯುವುದೇ ಕಷ್ಟ. ಕಿರಣ ಬಲು ಕ್ಷೀಣ, ಗ್ರಾಹಕಯಂತ್ರ ಬಲು ದುಬಾರಿ. ಅನೇಕ ವೇಳೆ ಒಂದೇ ಗ್ರಾಹಕವನ್ನು ಬಿಂದುವಿನಿಂದ ಬಿಂದುವಿಗೆ ತಿರುಗಿಸಿ ಚಿತ್ರ ಕೂಡಿಸಬೇಕು. ಅಡ್ಡಕ್ಕೆ 64, ಉದ್ದಕ್ಕೆ 64 ಎಂದರೆ 4096 ಬಿಂದುಗಳು. ಒಂದೊಂದಕ್ಕೆ ಸೆಕೆಂಡಿನ ಹತ್ತರಲ್ಲೊಂದು ಪಾಲೆಂದು ಇಟ್ಟುಕೊಂಡರೂ ಸುಮಾರು ಏಳು ನಿಮಿಷ. ಅಷ್ಟು ಹೊತ್ತು ಯಾರು ಅಲುಗದೆ ನಿಂತಾರು?

ನಮ್ಮ ತಂದೆಯವರು ಮಂಡಿಯಲ್ಲಿ ಮೂಟೆ ಹೊರುವವರು. ಒಮ್ಮೆ 64 ಮೂಟೆಗಳಲ್ಲಿ ಒಂದರ ತೂಕ ಕಡಮೆಯೆಂದು ತಕರಾರು ಬಂದು, ಅವರ ಕೂಲಿಯನ್ನು ತಡೆಹಿಡಿದು, ಎಲ್ಲವನ್ನೂ ಒಂದೊಂದಾಗಿ ಮತ್ತೆ ತೂಗಿಸಿದರು. ಕತ್ತಲಾಗುವವರೆಗೆ ನಾನು ಅಲ್ಲೇ ಕುಳಿತಿದ್ದೆ. ಕಾಲೇಜಿಗೆ ಬಂದ ಮೇಲೆ ತಿಳಿಯಿತು, ಆರು ತೂಕ ಸಾಕಿತ್ತೆಂದು! ಪ್ರತಿ ಸಲವೂ ಬೇರೆ ಬೇರೆ ರೀತಿಯಲ್ಲಿ ಆಯ್ದ 32 ಮೂಟೆಗಳನ್ನು ಒಟ್ಟಿಗೆ ತೂಗಬೇಕು. ಯಾವ ಎರಡು ಮೂಟೆಗಳಿಗೂ ಒಳಗು ಹೊರಗಿನ ಸರದಿ ಒಂದೇ ಆಗದಂತೆ ನೋಡಿಕೊಳ್ಳಬೇಕು. ಯಾವ ಯಾವ ತೂಕ ಕಡಮೆ ಬಂತೆಂಬುದೇ ಆ ಮೂಟೆಯ ವಿಳಾಸ. ಆರೂ ಸರಿಯಾಗಿದ್ದರೆ, ಒಮ್ಮೆಯೂ ತಕ್ಕಡಿ ಏರದ ಮೂಟೆಯೇ ಅದು.

ಸಂತೋಷದಿಂದ ಮನೆಯಲ್ಲಿ ಹೇಳಿದೆ. ತಂದೆಯವರು, “ತೂಕ ಆರಾಯ್ತು, ಸರಿ. ಹೊರೋದು ಆರು ಮೂವತ್ತೆರಡಲ್ಲೇನಪ್ಪ?” ಎಂದರು. 192 ಸಲ! ನಾನು ಸುಮ್ಮನಾದೆ.

ಕಿರಣಕ್ಕೆ ಹೊರುವವರು ಬೇಕಿಲ್ಲ. ಗ್ರಾಹಕದ ಮುಂದೆ ತೂತುಗಳುಳ್ಳ ಮರೆಯೊಂದನ್ನಿಟ್ಟರೆ ಅರ್ಧದಷ್ಟು ಬಿಂದುಗಳ ಕಿರಣ ಒಟ್ಟಿಗೆ ಒಳಬಂದು ಒಂದು ಮೊತ್ತವಾಗುತ್ತದೆ. ತೂತುಗಳ ವಿನ್ಯಾಸ ಬದಲಾಯಿಸಿದರೆ ಇನ್ನೊಂದು ಮೊತ್ತ. ಚಿತ್ರವೆಂಬುದು ಒಂದೇ ಮೂಟೆಯ ಪ್ರಶ್ನೆಯಲ್ಲ, ನಿಜ. ಆದರೆ ಅಕ್ಕಪಕ್ಕದ ಬಿಂದುಗಳು ಸಾಮಾನ್ಯವಾಗಿ ಒಂದೇ ತೆರನಾಗಿರುವುದರಿಂದ, ತಕ್ಕ ಗಣಿತರೂಪಕ್ಕೆ ತಂದರೆ ಕೆಲವೇ ಸಂಖ್ಯೆಗಳು ಬಹುಪಾಲನ್ನು ಹೇಳಿಬಿಡುತ್ತವೆ. ಅಂಥಲ್ಲಿ ಬಿಂದುಗಳ ಸಂಖ್ಯೆಗಿಂತ ಎಷ್ಟೋ ಕಡಮೆ ಅಳತೆ ಸಾಕೆಂದು ಕ್ಯಾಂಡೆಸ್, ರಾಂಬರ್ಗ್, ಟಾವೊ ಎಂಬವರೂ, ಬೇರೆಯಾಗಿ ಡೊನೊಹೊ ಎಂಬವರೂ 2006ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ತೋರಿಸಿದರು. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದವರು ಈ ಉಪಾಯವನ್ನು ಮಿಲಿಮೀಟರು ಅಲೆಗಳ ಚಿತ್ರಕ್ಕೆ ಅನ್ವಯಿಸಿ 2012ರಲ್ಲಿ ವರದಿ ಮಾಡಿದರು.

ಆದರೆ ಉಳಿಸಿದ ಶ್ರಮ ಎಲ್ಲಿಗೂ ಹೋಗುವುದಿಲ್ಲ. ಬಂದ ಮೊತ್ತಗಳಿಗೆ ಹೊಂದುವ ಅಸಂಖ್ಯ ಚಿತ್ರಗಳಲ್ಲಿ ಅತ್ಯಂತ ಸರಳವಾದುದನ್ನು ಗಣಕಯಂತ್ರವು ಹುಡುಕಬೇಕು. ಇದನ್ನೂ ತಂದೆಯವರಿಗೆ ಹೇಳಿದೆ. “ಹಾಗಾದ್ರೆ ಅಲ್ಲಿ ಗುಮಾಸ್ತ ದುಡೀತಾನೆ ಅನ್ನು” ಎಂದು ನಕ್ಕರು. ಅಳತೆಯನ್ನು ತೀರ ಕಡಮೆ ಮಾಡಿದರೆ ಆ ಗುಮಾಸ್ತನೂ ತಪ್ಪುತ್ತಾನೆ. ಎಷ್ಟರವರೆಗೆ ಕಡಮೆ ಮಾಡಬಹುದೆಂಬುದು ಚಿತ್ರದ ಸರಳತೆಯನ್ನೂ, ಗ್ರಾಹಕದಲ್ಲಿ ಬೆರೆಯುವ ಗದ್ದಲವನ್ನೂ ಅವಲಂಬಿಸಿದೆ.