ಮೆದುಳಿನ ಮಾದರಿ

ದೇವಿಕೊಪ್ಪದಂಥ ಗ್ರಾಮಗಳಿಂದ ಮನೋರೋಗಿಗಳನ್ನು ಧಾರವಾಡದ ಆಸ್ಪತ್ರೆಗೆ ಕರೆದೊಯ್ಯುವುದನ್ನು ನಾವು ಕಂಡಿರುವೆವು. ಆದರೆ ಜೀವಂತ ಮೆದುಳನ್ನು ತೆರೆದು ರೋಗಮೂಲವನ್ನು ಅರಸುವುದೆಂತು?

೨೦೦೭ರಲ್ಲಿ ಜಪಾನಿನ ಯಾಮಾನಾಕಾ ಎಂಬ ವಿಜ್ಞಾನಿಗಳು ಮನುಷ್ಯನ ಚರ್ಮದ ಜೀವಕೋಶಗಳನ್ನು, ಯಾವ ಅಂಗದ ಕೋಶವಾಗಿಯಾದರೂ ಬೆಳೆಯಬಲ್ಲ ಮೂಲಸ್ಥಿತಿಗೆ ಮರಳಿಸಿದರು. ೨೦೧೩ರಲ್ಲಿ ವಿಯೆನ್ನಾದ ಸಂಶೋಧಕರು ಅಂಥ ಕೋಶಗಳಿಂದ ಕೆಲವೇ ಮಿಲಿಮೀಟರು ಗಾತ್ರದ ಮೆದುಳಿನ ಮಾದರಿಗಳನ್ನು ಬೆಳೆಸಿದರು. ರಕ್ತನಾಳಗಳಿಲ್ಲದ್ದರಿಂದ ಅವು ಹೆಚ್ಚು ದೊಡ್ಡವಾಗಲಾರವು. ಅವು ಪೂರ್ಣ ಮೆದುಳೂ ಅಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಸಂಸ್ಥೆಗಳು ೨೦೧೬ರಲ್ಲಿ ಇದೇ ಮಾರ್ಗವನ್ನು ಹಿಡಿದವು. ಹಲವರಿಗೆ ಮನೋರೋಗವಿರುವ ಮನೆತನಗಳಲ್ಲಿ ರೋಗಿಗಳ ಹಾಗೂ ಸ್ವಸ್ಥ ಬಂಧುಗಳ ರಕ್ತವನ್ನು ಪಡೆದು, ಅದರ ಕೋಶಗಳಿಂದ ನರಕೋಶಗಳನ್ನು ಬೆಳೆಸಿ ಹೋಲಿಸುವುದೇ ಆ ಕಾರ್ಯ. ಒಂದೇ ವಂಶದವರಾದುದರಿಂದ ರೋಗದ ಭೇದವು ಸ್ಪಷ್ಟವಾಗಿ ತೋರುವ ಸಂಭವವುಂಟು.

ಆದುದರಿಂದ, ತಾಯ್ತಂದೆಗಳೇ, ಮನೋರೋಗವನ್ನು ಶಾಪವೆಂದೆಣಿಸಿ ಮನೆಯೊಳಗೆ ಮರೆಮಾಡದೆ, ಬೇಗನೆ ವೈದ್ಯರಲ್ಲಿಗೆ ಒಯ್ಯುವುದೇ ನಮ್ಮೆಲ್ಲರ ಕರ್ತವ್ಯವು.